ಪ್ರೋಬ್ ಸುಳ್ಳು ಹೇಳದ ಹಾಗೆ ಡಿಜಿಟಲ್ ಆಡಿಯೋ ಅಳೆಯೋದು ಹೇಗೆ?

ಮೂರು ವರ್ಷದ ಹಿಂದೆ ನನ್ನದೊಂದು ಭಾನುವಾರ ಪೂರ್ತಿ ಹಾಳಾಯಿತು. ಮನೆಯಲ್ಲೇ ಬೆಸುಗೆ ಹಾಕಿದ್ದ ಆಡಿಯೋ ಬೋರ್ಡ್. ಇಡೀ ಬೋರ್ಡ್‌ಗೆ ತಾಳ ಹಾಕುವ ಮಾಸ್ಟರ್ ಕ್ಲಾಕ್ 12.288 ಮೆಗಾಹರ್ಟ್ಸ್, 3.3 ವೋಲ್ಟ್ ಸ್ಕ್ವೇರ್ ವೇವ್ ಬರಬೇಕಿತ್ತು. ಆಸಿಲೋಸ್ಕೋಪ್‌ನಲ್ಲಿ (ವೋಲ್ಟೇಜ್ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಮುಂದೆ ಬರೀ ಸ್ಕೋಪ್) ಕಂಡದ್ದು ಎರಡು ವೋಲ್ಟ್‌ಗೂ ಕಡಿಮೆ ಇರುವ, ಗುಂಡುಗುಂಡಾದ ಸೈನ್ ವೇವ್. ಸೀರೀಸ್ ರೆಸಿಸ್ಟರನ್ನು 33 ಓಮ್‌ನಿಂದ 22ಕ್ಕೆ ಇಳಿಸಿದೆ. ಆಮೇಲೆ ಅದನ್ನು ತೆಗೆದೇ ಹಾಕಿ ತಂತಿ ಕೂರಿಸಿದೆ. ಕ್ಲಾಕ್ ಬಫರ್ ಐಸಿ ಬದಲಾಯಿಸಿದೆ, ಆ ಭರದಲ್ಲಿ ಒಂದು ಪ್ಯಾಡ್ ಕಿತ್ತು ಬಂತು. ಸಂಜೆ ಆರಕ್ಕೆ ಕಾಫಿ ಕುಡಿಯುತ್ತಾ ಸುಮ್ನೆ ಪ್ರೋಬನ್ನು (ಸರ್ಕ್ಯೂಟ್‌ಗೆ ಮುಟ್ಟಿಸುವ ಸ್ಕೋಪ್‌ನ ಕಡ್ಡಿ) ಕೈಗೆತ್ತಿಕೊಂಡು ನೋಡಿದೆ. ಹಿಡಿ ಮೇಲಿನ ಪುಟ್ಟ ಸ್ವಿಚ್ 1ಎಕ್ಸ್‌ನಲ್ಲಿತ್ತು, ಅಂದರೆ ಸಿಗ್ನಲನ್ನು ಇಳಿಸದೆ ಇದ್ದ ಹಾಗೇ ಸ್ಕೋಪ್‌ಗೆ ಬಿಡುವ ಕಡೆ.

ಬೋರ್ಡ್‌ನಲ್ಲಿ ಯಾವ ತೊಂದರೆಯೂ ಇರಲಿಲ್ಲ, ನಾನು ಕಿತ್ತ ಪ್ಯಾಡ್ ಒಂದನ್ನು ಬಿಟ್ಟರೆ. ಸಾಧಾರಣ ಪ್ರೋಬ್ 1ಎಕ್ಸ್‌ನಲ್ಲಿದ್ದಾಗ ಅದರ ಬ್ಯಾಂಡ್‌ವಿಡ್ತ್ (ಎಷ್ಟು ವೇಗದ ಸಿಗ್ನಲ್‌ವರೆಗೆ ಸರಿಯಾಗಿ ಹಾಯಿಸುತ್ತದೆ ಅನ್ನೋದು) 6 ಮೆಗಾಹರ್ಟ್ಸ್ ಆಸುಪಾಸು ಅಷ್ಟೇ. ಮೇಲಾಗಿ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸನ್ನು ಸರ್ಕ್ಯೂಟ್ ತಲೆಗೆ ಕಟ್ಟುತ್ತದೆ. 12.288 ಮೆಗಾಹರ್ಟ್ಸ್ ಸ್ಕ್ವೇರ್ ವೇವ್ ಅದರೊಳಗಿಂದ ಹಾದು ಬಂದರೆ ಸೊರಗಿದ ಸೈನ್ ವೇವ್ ಆಗಿಯೇ ಬರಬೇಕು. ಅಂದಿನಿಂದ ನನ್ನದೊಂದು ರೂಢಿ: ಪರದೆ ಮೇಲೆ ವಿಚಿತ್ರ ಏನಾದರೂ ಕಂಡರೆ ಮೊದಲ ಅನುಮಾನ ಪ್ರೋಬ್ ಮೇಲೆ, ಆಮೇಲೆ ಸ್ಕೋಪ್ ಸೆಟ್ಟಿಂಗ್ ಮೇಲೆ, ಬೋರ್ಡ್ ಮೇಲೆ ಕೊನೆಗೆ. ಕೆಳಗಿನ ಹಂತಗಳೂ ಇದೇ ಕ್ರಮದಲ್ಲಿವೆ.

ಉದಾಹರಣೆಗೆ ಬಹಳ ಜನರ ಮೇಜಿನ ಮೇಲಿರುವ ಜೋಡಿಯನ್ನೇ ತೆಗೆದುಕೊಳ್ಳೋಣ. ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದಕ್ಕೆ ಪಿಸಿಎಂ5102ಎ ಚಿಪ್ ಇರುವ ಡ್ಯಾಕ್ (ಡಿಜಿಟಲ್ ಸಂಖ್ಯೆಗಳನ್ನು ಅನಲಾಗ್ ಸಿಗ್ನಲ್ ಮಾಡುವ) ಮಾಡ್ಯೂಲ್. ಇವೆರಡರ ನಡುವೆ ಓಡುವುದು ಐ2ಎಸ್, ಫಿಲಿಪ್ಸ್ ಕಂಪನಿ 1986ರಲ್ಲಿ ಹೊರತಂದ ಮೂರು ತಂತಿಯ ಸಂಪರ್ಕ: ಪ್ರತಿ ಬಿಟ್‌ಗೂ ತಾಳ ಹಾಕುವ ಬಿಟ್ ಕ್ಲಾಕ್, ಬರುತ್ತಿರುವುದು ಎಡದ್ದೋ ಬಲದ್ದೋ ಅಂತ ಹೇಳುವ ಎಡ-ಬಲ ಕ್ಲಾಕ್, ಸಂಖ್ಯೆಗಳು ಓಡುವ ಡೇಟಾ. ಅದು ಮುಗಿದ ಮೇಲೆ ಕೊನೆಯಲ್ಲಿ ಎಸ್‌ಪಿಡಿಫ್ ಕಡೆ ಹೋಗೋಣ. ಟಿವಿ, ಸಿಡಿ ಪ್ಲೇಯರ್ ಹಿಂದೆ ಇರುವ ಕೋಆಕ್ಸಿಯಲ್ ಡಿಜಿಟಲ್ ಔಟ್‌ಪುಟ್ ಅದೇ.

ಹಂತ 1: ಕ್ಲಿಪ್ ಹಾಕುವ ಮೊದಲು ಅರ್ಥಿಂಗ್ ನೋಡಿ

ಮೇಜಿನ ಮೇಲಿಡುವ ಸ್ಕೋಪ್‌ನ ಗ್ರೌಂಡ್ ಕ್ಲಿಪ್ ನೇರವಾಗಿ ಮೂರು ಪಿನ್ ಪ್ಲಗ್‌ನ ಅರ್ಥ್‌ಗೆ ಸೇರಿರುತ್ತದೆ. ಎರಡು ಚಾನೆಲ್ ಇದ್ದರೆ ಎರಡರ ಕ್ಲಿಪ್‌ಗಳೂ ಒಳಗೆ ಒಂದೇ. ಹಾಗಾಗಿ ಕ್ಲಿಪ್ಪನ್ನು ಎಲ್ಲಿ ಕಚ್ಚಿಸಿದರೂ ಆ ಜಾಗವನ್ನು ಭೂಮಿಗೆ ಶಾರ್ಟ್ ಮಾಡಿದ ಹಾಗೆ.

ಪೈ, ಡ್ಯಾಕ್‌ನಂಥ 5 ವೋಲ್ಟ್ ಬೋರ್ಡ್‌ಗಳ ಗ್ರೌಂಡ್‌ಗೆ ಹಾಕಿದರೆ ಏನೂ ಆಗುವುದಿಲ್ಲ. ಅಪಾಯ ಇರುವುದು ಎರಡು ಕಡೆ. ಒಂದು, ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈನ ಮೇನ್ಸ್ ಕಡೆಯ ಭಾಗ. ಅಲ್ಲಿ ಸಾಧಾರಣ ಪ್ರೋಬ್ ತೆಗೆದುಕೊಂಡು ಹೋಗಲೇಬೇಡಿ. ಇನ್ನೊಂದು, ಕ್ಲಾಸ್-ಡಿ ಆಂಪ್ಲಿಫೈಯರ್‌ನ ಸ್ಪೀಕರ್ ಔಟ್‌ಪುಟ್. ಮ್ಯಾಕ್ಸ್98357ಎಯಂಥ ಚಿಪ್‌ನಲ್ಲಿ ಸ್ಪೀಕರ್‌ನ ಎರಡೂ ತಂತಿಗಳು ಡ್ರೈವ್ ಆಗುತ್ತಿರುತ್ತವೆ, ಮೈನಸ್ ಅಂತ ಬರೆದಿದ್ದರೂ ಅದು ಗ್ರೌಂಡ್ ಅಲ್ಲ. ಅಲ್ಲಿ ಕ್ಲಿಪ್ ಹಾಕಿದರೆ ಔಟ್‌ಪುಟ್ ಶಾರ್ಟ್. ಎರಡು ಪ್ರೋಬ್ ತುದಿಗಳನ್ನು ಎರಡು ತಂತಿಗೆ ಹಿಡಿದು, ಮ್ಯಾಥ್ ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ.

ಹಮ್ ಬರುತ್ತಿದೆ ಅಂತ ಸ್ಕೋಪ್ ಪ್ಲಗ್‌ನ ದಪ್ಪ ಪಿನ್ನಿಗೆ ಟೇಪ್ ಸುತ್ತುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಸ್ಕೋಪ್‌ನ ಲೋಹದ ಮೈಗೇ ವೋಲ್ಟೇಜ್ ಬರಬಹುದು. ಬೇಡ.

ಹಂತ 2: ಪ್ರೋಬ್ 10ಎಕ್ಸ್‌ಗೆ, ಚಾನೆಲ್ಲೂ 10ಎಕ್ಸ್‌ಗೆ

ಪ್ರೋಬ್ ಸ್ವಿಚ್ 10ಎಕ್ಸ್‌ಗೆ ತಳ್ಳಿ, ಆಗ ಸಿಗ್ನಲ್ ಹತ್ತರಲ್ಲೊಂದು ಭಾಗಕ್ಕೆ ಇಳಿದು ಸ್ಕೋಪ್‌ಗೆ ಹೋಗುತ್ತದೆ. ಸ್ಕೋಪ್‌ನ ಚಾನೆಲ್ ಮೆನುವಿನಲ್ಲೂ 10ಎಕ್ಸ್ ಅಂತಲೇ ಇರಲಿ. ಇವೆರಡು ಹೊಂದದಿದ್ದರೆ 3.3 ವೋಲ್ಟ್ ಹೋಗಿ 0.33 ಅಥವಾ 33 ಆಗುತ್ತದೆ. ಇದನ್ನು ಕಂಡುಹಿಡಿಯೋದು ಸುಲಭ, ಅಂಕಿ ನೋಡಿದರೇ ನಗು ಬರುತ್ತದೆ.

ಈಗ ಪ್ರೋಬ್ ತುದಿಯನ್ನು ಸ್ಕೋಪ್ ಮುಂಭಾಗದ 1 ಕಿಲೋಹರ್ಟ್ಸ್ ಕೊಂಡಿಗೆ ಸಿಕ್ಕಿಸಿ. ಪ್ರೋಬ್ ಜೊತೆ ಬಂದ ಪುಟ್ಟ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಕಳೆದುಹೋಗಿರುತ್ತದೆ, ಅಲ್ವಾ? ಚಿಕ್ಕದು ಯಾವುದಾದರೂ ಆದೀತು, ಆದರೆ ಕೈ ತೆಗೆದ ಮೇಲೆ ಒಮ್ಮೆ ನೋಡಿ, ಲೋಹದ್ದಾದರೆ ಅದೇ ರೀಡಿಂಗ್ ಬದಲಿಸುತ್ತದೆ. ಟ್ರಿಮ್ಮರ್ ತಿರುಗಿಸುತ್ತಾ ಹೋಗಿ. ವೇವ್‌ನ ಮುಂದಿನ ಮೂಲೆ ಮೇಲಕ್ಕೆ ಕೊಂಬಿನ ಹಾಗೆ ಎದ್ದಿದ್ದರೆ ಜಾಸ್ತಿಯಾಗಿದೆ, ಸವೆದ ಸಾಬೂನಿನ ಹಾಗೆ ಜಾರಿದ್ದರೆ ಕಡಿಮೆಯಾಗಿದೆ. ತಲೆ ಸಮತಟ್ಟಾದಾಗ ನಿಲ್ಲಿಸಿ. ಪ್ರೋಬ್ ಬೇರೆ ಚಾನೆಲ್‌ಗೆ ಬದಲಾದರೆ ಇದನ್ನು ಮತ್ತೆ ಮಾಡಬೇಕು.

10ಎಕ್ಸ್‌ನಲ್ಲಿ ಪ್ರೋಬ್ ಸರ್ಕ್ಯೂಟ್ ಮೇಲೆ ಹೇರುವ ಭಾರ 10ರಿಂದ 15 ಪಿಕೋಫ್ಯಾರಡ್‌ಗೆ ಇಳಿಯುತ್ತದೆ. ಅಷ್ಟನ್ನೂ ತಾಳದ ಜಾಗ ಒಂದಿದೆ, ಕ್ರಿಸ್ಟಲ್‌ನ ಕಾಲುಗಳು. ಅಲ್ಲಿ ಪ್ರೋಬ್ ಇಟ್ಟರೆ ಆಸಿಲೇಷನ್ ನಿಂತೇ ಹೋಗಬಹುದು. ಕ್ಲಾಕ್ ನೋಡಬೇಕಾದರೆ ಬಫರ್ ದಾಟಿ ಹೊರಬಂದ ಪಿನ್‌ನಲ್ಲಿ ನೋಡಿ.

ಹಂತ 3: ಗ್ರೌಂಡ್ ಬಾಲ ಕತ್ತರಿಸಿ

ಸಾಧಾರಣವಾಗಿ ತಪ್ಪು ಆಗೋದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ರೋಬ್ ಜೊತೆ ಬರುವ ಮೊಸಳೆ ಕ್ಲಿಪ್‌ನ ತಂತಿ ಸುಮಾರು 15 ಸೆಂಟಿಮೀಟರ್ ಉದ್ದ. ತಂತಿಗೆ ಒಂದು ಮಿಲಿಮೀಟರ್‌ಗೆ ಸರಿಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟನ್ಸ್ ಅಂತ ಹಿಡಿದರೆ 150 ನ್ಯಾನೋಹೆನ್ರಿ ಆಯಿತು. ಅದು ಪ್ರೋಬ್‌ನ 12 ಪಿಕೋಫ್ಯಾರಡ್ ಜೊತೆ ಸೇರಿ ಸುಮಾರು 120 ಮೆಗಾಹರ್ಟ್ಸ್‌ನಲ್ಲಿ ಗಂಟೆ ಹೊಡೆಯುತ್ತದೆ. ಬಿಟ್ ಕ್ಲಾಕ್‌ನ ಪ್ರತಿ ಎಡ್ಜ್ (ವೇವ್ ಏರುವ ಅಥವಾ ಬೀಳುವ ಅಂಚು) ಆ ಗಂಟೆಗೊಂದು ಏಟು. ಪರದೆಯಲ್ಲಿ ಎಡ್ಜ್ ಏರಿದ ತಕ್ಷಣ ನಾಲ್ಕೈದು ಅಲೆ, ಒಂದರಿಂದ ಇನ್ನೊಂದಕ್ಕೆ 8 ನ್ಯಾನೋಸೆಕೆಂಡ್ ಅಂತರ. ಅದನ್ನು ನೋಡಿ "ಬೋರ್ಡ್‌ನಲ್ಲಿ ರಿಂಗಿಂಗ್ ಇದೆ" ಅಂತ ರೆಸಿಸ್ಟರ್ ಬದಲಾಯಿಸೋಕೆ ಹೊರಡುತ್ತೇವೆ. ಬೋರ್ಡ್‌ನಲ್ಲಿ ಅದು ಇಲ್ಲವೇ ಇಲ್ಲ.

ತಂತಿಯನ್ನು ಒಂದು ಸೆಂಟಿಮೀಟರ್‌ಗೆ ಇಳಿಸಿದರೆ ಅದೇ ಲೆಕ್ಕದಲ್ಲಿ ಗಂಟೆ 450 ಮೆಗಾಹರ್ಟ್ಸ್ ದಾಟಿ ಹೋಗುತ್ತದೆ. ಮನೆಯ ಸ್ಕೋಪ್‌ಗೆ ಅದು ಕಾಣುವುದೂ ಇಲ್ಲ, ಈ ಸಿಗ್ನಲ್‌ನ ಎಡ್ಜ್‌ನಲ್ಲಿ ಅದನ್ನು ಎಬ್ಬಿಸುವಷ್ಟು ಬಲವೂ ಇರುವುದಿಲ್ಲ.

ಮಾಡೋದು ಹೀಗೆ. ಪ್ರೋಬ್‌ನ ಮೇಲಿರುವ ಕೊಕ್ಕೆ ಟೋಪಿಯನ್ನು ಎಳೆದು ತೆಗೆಯಿರಿ. ಒಳಗೆ ಸೂಜಿಯಂಥ ತುದಿ, ಅದರ ಸುತ್ತ ಲೋಹದ ಉಂಗುರ ಕಾಣುತ್ತದೆ. ಆ ಉಂಗುರವೇ ಗ್ರೌಂಡ್. ಡಬ್ಬದಲ್ಲಿ ಸ್ಪ್ರಿಂಗ್ ಬಂದಿದ್ದರೆ ಉಂಗುರಕ್ಕೆ ತೊಡಿಸಿ. ಇಲ್ಲದಿದ್ದರೆ ಕತ್ತರಿಸಿ ಎಸೆದ ರೆಸಿಸ್ಟರ್ ಕಾಲೊಂದನ್ನು ಹುಡುಕಿ, ಉಂಗುರಕ್ಕೆ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಒಂದು ಸೆಂಟಿಮೀಟರ್ ಬಾಲ ಬಿಡಿ. ನನ್ನ ಪ್ರೋಬ್‌ಗೆ ಈಗಲೂ ಅದೇ ಇದೆ.

ಪೈ ಮೇಲೆ ಇದು ಸಲೀಸು. 40 ಪಿನ್ ಹೆಡರ್‌ನಲ್ಲಿ ಬಿಟ್ ಕ್ಲಾಕ್ ಬರೋದು 12ನೇ ಪಿನ್‌ನಲ್ಲಿ, ಪಕ್ಕದ 14 ಗ್ರೌಂಡ್. ಡೇಟಾ 40ನೇ ಪಿನ್‌ನಲ್ಲಿ, ಎದುರಿಗಿನ 39 ಗ್ರೌಂಡ್. ಎಡ-ಬಲ ಕ್ಲಾಕ್ 35ರಲ್ಲಿ. ಆದರೆ ಪೈ ಕಡೆ ಅಳೆದರೆ ಅರ್ಧ ಕಥೆ ಮಾತ್ರ. ಜಂಪರ್ ತಂತಿ ದಾಟಿ ಡ್ಯಾಕ್ ಕಾಲಿಗೆ ಏನು ಮುಟ್ಟುತ್ತದೆ ಅನ್ನೋದು ಮುಖ್ಯ. ಹಾಗಾಗಿ ಕೊನೆಯ ಅಳತೆ ಯಾವಾಗಲೂ ಡ್ಯಾಕ್ ಕಡೆ, ಡ್ಯಾಕ್‌ನದೇ ಗ್ರೌಂಡ್ ಹಿಡಿದು.

ಅನುಮಾನ ಬಂದಾಗಲೆಲ್ಲ ಒಂದು ಪರೀಕ್ಷೆ ಮಾಡಿ. ಪ್ರೋಬ್‌ನ ತುದಿ, ಬಾಲ ಎರಡನ್ನೂ ಒಂದೇ ಗ್ರೌಂಡ್ ಜಾಗಕ್ಕೆ ಮುಟ್ಟಿಸಿ. ಪರದೆಯಲ್ಲಿ ಗೆರೆ ಸಪಾಟಾಗಿರಬೇಕು. ಅಲ್ಲೂ ಮುಳ್ಳುಗಳು ಕಂಡರೆ ಅವು ಬೋರ್ಡ್‌ನ ಸಿಗ್ನಲ್ ಅಲ್ಲ, ನಿಮ್ಮ ಪ್ರೋಬ್ ಆಂಟೆನಾ ಆಗಿ ಹಿಡಿದದ್ದು. ಮುಂದಿನ ಎಲ್ಲ ಅಳತೆಯಲ್ಲೂ ಅಷ್ಟನ್ನು ಮನಸ್ಸಿನಲ್ಲೇ ಕಳೆದು ನೋಡಿ.

ಹಂತ 4: ನಿಮ್ಮ ಸ್ಕೋಪ್‌ಗೆ ಎಷ್ಟು ಸಾಧ್ಯ ಅನ್ನೋ ಲೆಕ್ಕ

0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಸ್ಕೋಪ್‌ನದೇ ರೈಸ್ ಟೈಮ್, ಅಂದರೆ ಎಡ್ಜ್ ಏರಲು ಹಿಡಿಯುವ ಸಮಯ, ಸಿಗುತ್ತದೆ. 100 ಮೆಗಾಹರ್ಟ್ಸ್ ಸ್ಕೋಪ್‌ಗೆ 3.5 ನ್ಯಾನೋಸೆಕೆಂಡ್, 50ರದ್ದಕ್ಕೆ 7. ಸಿಗ್ನಲ್‌ನ ರೈಸ್ ಟೈಮ್ ಮತ್ತು ಸ್ಕೋಪ್‌ನದು, ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಬರುವುದೇ ಪರದೆಯ ಅಂಕಿ. 3 ನ್ಯಾನೋಸೆಕೆಂಡ್‌ನಲ್ಲಿ ಏರುವ ಎಡ್ಜ್ 50 ಮೆಗಾಹರ್ಟ್ಸ್ ಸ್ಕೋಪ್‌ನಲ್ಲಿ 7.6 ಅಂತ ಕಾಣುತ್ತದೆ. ಅಂದರೆ ನೀವು ಅಳೆದದ್ದು ಬಹುಪಾಲು ಸ್ಕೋಪನ್ನೇ. ಅಂಥ ಅಂಕಿಯನ್ನು ಬರೆದಿಟ್ಟುಕೊಳ್ಳಬೇಡಿ.

ಆಕಾರ ನೋಡೋಕೆ ಇಷ್ಟೊಂದು ಬೇಕಿಲ್ಲ. ಕ್ಲಾಕ್‌ನ ಐದು ಪಟ್ಟು ಬ್ಯಾಂಡ್‌ವಿಡ್ತ್ ಇದ್ದರೆ ಸ್ಕ್ವೇರ್ ವೇವ್ ಸ್ಕ್ವೇರ್ ವೇವ್ ಥರ ಕಾಣುತ್ತದೆ. 3.072 ಮೆಗಾಹರ್ಟ್ಸ್ ಬಿಟ್ ಕ್ಲಾಕ್‌ಗೆ 15 ಸಾಕು. 12.288ರ ಮಾಸ್ಟರ್ ಕ್ಲಾಕ್‌ಗೆ 60 ದಾಟಬೇಕು, 50ರ ಸ್ಕೋಪ್‌ನಲ್ಲಿ ಮೂಲೆಗಳು ಸ್ವಲ್ಪ ಸವೆದಿರುತ್ತವೆ.

ಚಾನೆಲ್ ಮೆನುವಿನಲ್ಲಿ 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಲಿಮಿಟ್ ಆನ್ ಆಗಿಲ್ಲ ಅಂತ ನೋಡಿಕೊಳ್ಳಿ.

ಸ್ಯಾಂಪಲ್ ರೇಟ್ ಇನ್ನೊಂದು ಗುಂಡಿ. ಹವ್ಯಾಸಿಗಳಲ್ಲಿ ಜಾಸ್ತಿ ಜನ ಬಳಸುವ ರಿಗಾಲ್ ಡಿಎಸ್1054ಝಡ್ ತೆಗೆದುಕೊಳ್ಳಿ. ಒಂದು ಚಾನೆಲ್ ಆನ್ ಇದ್ದರೆ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್. ಎರಡು ಆನ್ ಮಾಡಿದರೆ ಅದು 50 ಕೋಟಿ, ನಾಲ್ಕಕ್ಕೆ 25 ಕೋಟಿ. ನಾಲ್ಕರಲ್ಲಿ ಒಂದು ಸ್ಯಾಂಪಲ್‌ಗೂ ಇನ್ನೊಂದಕ್ಕೂ 4 ನ್ಯಾನೋಸೆಕೆಂಡ್ ಅಂತರ ಬಿದ್ದಿತು. ಸುಮ್ನೆ ಆನ್ ಮಾಡಿಟ್ಟ ಖಾಲಿ ಚಾನೆಲ್ ಇದ್ದರೆ ಆರಿಸಿ.

ಟೈಮ್‌ಬೇಸ್ (ಪರದೆಯ ಒಂದು ಮನೆಗೆ ಎಷ್ಟು ಸಮಯ ಅನ್ನೋದು) ನಿಧಾನ ಮಾಡಿದಾಗ ಇನ್ನೂ ಮೋಸ. ಮೆಮೊರಿ 10 ಲಕ್ಷ ಪಾಯಿಂಟ್ ಅಂದುಕೊಳ್ಳಿ, ಪರದೆಯಲ್ಲಿ ಅಡ್ಡಕ್ಕೆ 10 ಮನೆ, ಒಂದೊಂದು ಮನೆ 20 ಮಿಲಿಸೆಕೆಂಡ್. ಸ್ಯಾಂಪಲ್ ರೇಟ್ ಸೆಕೆಂಡಿಗೆ 50 ಲಕ್ಷಕ್ಕೆ ಬಿತ್ತು. ಆಗ 3.072 ಮೆಗಾಹರ್ಟ್ಸ್ ಕ್ಲಾಕ್ 1.928 ಮೆಗಾಹರ್ಟ್ಸ್ ಅಂತ ಅಚ್ಚುಕಟ್ಟಾಗಿ, ಯಾವ ಅನುಮಾನವೂ ಬರದ ಹಾಗೆ ತೋರಿಸುತ್ತದೆ. ಪರದೆ ಮೂಲೆಯಲ್ಲಿ ಆ ಕ್ಷಣದ ಸ್ಯಾಂಪಲ್ ರೇಟ್ ಬರೆದಿರುತ್ತದೆ, ಅಂಕಿ ನಂಬುವ ಮೊದಲು ಅದನ್ನು ನೋಡಿ.

ಹಂತ 5: ಗುರುತು ಸಿಗುವ ಸಿಗ್ನಲ್ ಕಳಿಸಿ

ಹೊಸಬರು ಐ2ಎಸ್ ಡೇಟಾ ತಂತಿಗೆ ಪ್ರೋಬ್ ಇಟ್ಟು, ಹಾಡು ಹಾಕಿ, ದನಿ ಜೋರು ಮಾಡಿದರೆ ವೇವ್ ಎತ್ತರ ಆಗಬೇಕು ಅಂತ ಕಾಯುತ್ತಾರೆ. ಆಗಲ್ಲ. ತಂತಿಯಲ್ಲಿ ಓಡೋದು ಸಂಖ್ಯೆಗಳು. ಹಾಡು ಓಡುವಾಗ ಆ ಸಂಖ್ಯೆಗಳು ಸೆಕೆಂಡಿಗೆ ಸಾವಿರಾರು ಸಲ ಬದಲಾಗುವುದರಿಂದ ಪರದೆಯಲ್ಲಿ ಬರೀ ಮಸುಕು ಕಾಣುತ್ತದೆ.

ಅದಕ್ಕೆ ಬದಲಾಗದ ಸಂಖ್ಯೆ ಕಳಿಸಬೇಕು. ನನ್ನ ಮೆಚ್ಚಿನ ಜೋಡಿ ಇದು: ಎಡ ಚಾನೆಲ್‌ನ ಎಲ್ಲ ಸ್ಯಾಂಪಲ್‌ಗಳೂ 21845, ಬಲ ಚಾನೆಲ್‌ನವು 13107. ಯಾಕೆ ಈ ವಿಚಿತ್ರ ಅಂಕಿ? 16 ಬಿಟ್‌ನಲ್ಲಿ ಬರೆದರೆ 21845 ಅಂದರೆ 0101010101010101. 13107 ಅಂದರೆ 0011001100110011. ಎಡ ಯಾವುದು, ಬಲ ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಒಂದರಲ್ಲಿ ಹಲ್ಲು ಒತ್ತೊತ್ತಾಗಿ, ಇನ್ನೊಂದರಲ್ಲಿ ಅಗಲವಾಗಿ.

ಪೈಥಾನ್‌ನ ವೇವ್ ಮಾಡ್ಯೂಲ್ ಬಳಸಿ ಹತ್ತು ಸಾಲಿನಲ್ಲಿ ಇಂಥ ಫೈಲ್ ಬರೆಯಬಹುದು. ನುಡಿಸುವಾಗ ವಾಲ್ಯೂಮ್ ಪೂರ್ತಿ ಇರಲಿ, ಡೆಸ್ಕ್‌ಟಾಪ್‌ನ ಸೌಂಡ್ ಸರ್ವರ್ ಮಧ್ಯೆ ಬರದ ಹಾಗೆ ನೇರವಾಗಿ ಹಾರ್ಡ್‌ವೇರ್ ಡಿವೈಸ್‌ಗೆ ಕಳಿಸಿ. ಮಿಕ್ಸರ್ ಮಧ್ಯೆ ಬಂದು ಫೈಲ್‌ನ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟನ್ನು 48 ಮಾಡಿದರೆ, ಅಥವಾ ವಾಲ್ಯೂಮ್ ಒಂದು ಗೆರೆ ಇಳಿಸಿದರೆ ನಿಮ್ಮ ಹಲ್ಲಿನ ಸಾಲು ಚೆಲ್ಲಾಪಿಲ್ಲಿ.

ಒಂದು ಎಚ್ಚರಿಕೆ: ಇದು ಶುದ್ಧ ಡಿಸಿ. ಡ್ಯಾಕ್ ಔಟ್‌ಪುಟ್‌ನಿಂದ ಆಂಪ್ಲಿಫೈಯರ್, ಹೆಡ್‌ಫೋನ್ ಎಲ್ಲವನ್ನೂ ಮೊದಲು ಬಿಚ್ಚಿಡಿ.

ಹಂತ 6: ಎಡ-ಬಲ ಕ್ಲಾಕ್ ಮೊದಲು, ಆಮೇಲೆ ಉಳಿದದ್ದು

ಚಾನೆಲ್ 1ನ್ನು ಎಡ-ಬಲ ಕ್ಲಾಕ್‌ಗೆ ಹಾಕಿ. ಟ್ರಿಗರ್ (ಪರದೆಯ ಗೆರೆಯನ್ನು ಯಾವ ಕ್ಷಣಕ್ಕೆ ಹಿಡಿದು ನಿಲ್ಲಿಸಬೇಕು ಅನ್ನೋ ಗುರುತು) ಮೂಲ ಅದೇ, ಬೀಳುವ ಎಡ್ಜ್, ಮಟ್ಟ 1.6 ವೋಲ್ಟ್. ಟೈಮ್‌ಬೇಸ್ ಮನೆಗೆ 5 ಮೈಕ್ರೋಸೆಕೆಂಡ್. ಒಂದು ಪೂರ್ತಿ ಸುತ್ತು 20.83 ಮೈಕ್ರೋಸೆಕೆಂಡ್ ಇದ್ದರೆ 48 ಕಿಲೋಹರ್ಟ್ಸ್, 22.68 ಇದ್ದರೆ 44.1. ಸಿಡಿಯಿಂದ ಬಂದ ಫೈಲ್ ಹಾಕಿದಾಗ 20.83 ಕಂಡರೆ ಮಧ್ಯೆ ಯಾರೋ ರೀಸ್ಯಾಂಪಲ್ ಮಾಡುತ್ತಿದ್ದಾರೆ.

ಚಾನೆಲ್ 2 ಬಿಟ್ ಕ್ಲಾಕ್‌ಗೆ. ಎಡ-ಬಲ ಕ್ಲಾಕ್‌ನ ಒಂದು ಸುತ್ತಿಗೆ ಎಷ್ಟು ಬಿಟ್ ಕ್ಲಾಕ್ ಇದೆ ಅಂತ ಎಣಿಸಿ, ಅಥವಾ ಎರಡರ ಫ್ರೀಕ್ವೆನ್ಸಿ ಭಾಗಿಸಿ. 64 ಅಥವಾ 32 ಬರಬೇಕು. 48 ಕಿಲೋಹರ್ಟ್ಸ್‌ಗೆ 64 ಪಟ್ಟು ಅಂದರೆ 3.072 ಮೆಗಾಹರ್ಟ್ಸ್, 44.1ಕ್ಕೆ 2.8224. ಭಾಗಾಕಾರ ಸಂಪೂರ್ಣ ಸಂಖ್ಯೆ ಆಗದಿದ್ದರೆ ಮುಂದೆ ಹೋಗಬೇಡಿ, ಹಂತ 4ಕ್ಕೆ ವಾಪಸ್. ಪೈ ಮಾಸ್ಟರ್ ಕ್ಲಾಕ್ ಕೊಡುವುದಿಲ್ಲ. ಪಿಸಿಎಂ5102ಎಯಲ್ಲಿ ಆ ಪಿನ್ನನ್ನು ಗ್ರೌಂಡ್‌ಗೆ ಕಟ್ಟಿದರೆ ಒಳಗಿನ ಪಿಎಲ್‌ಎಲ್ ಬಿಟ್ ಕ್ಲಾಕ್‌ನಿಂದಲೇ ಅದನ್ನು ಮಾಡಿಕೊಳ್ಳುತ್ತದೆ. ಕಟ್ಟಲು ಮರೆತು ತೇಲಲು ಬಿಟ್ಟರೆ ಕೈ ಹತ್ತಿರ ತಂದಾಗ ದನಿ ಬರೋದು, ತೆಗೆದಾಗ ನಿಲ್ಲೋದು, ಇಂಥ ದೆವ್ವದಾಟಗಳು ಶುರುವಾಗಬಹುದು.

ಈಗ ಚಾನೆಲ್ 2ರ ಪ್ರೋಬನ್ನು ಡೇಟಾಗೆ ಬದಲಾಯಿಸಿ, ಟ್ರಿಗರ್ ಹಾಗೇ ಇರಲಿ. ಫಿಲಿಪ್ಸ್ ಮಾದರಿಯಲ್ಲಿ ಎಡ-ಬಲ ಕ್ಲಾಕ್ ಕೆಳಗಿದ್ದರೆ ಎಡ ಚಾನೆಲ್. ಎಡ್ಜ್ ಬಿದ್ದ ಮೇಲೆ ಒಂದು ಕ್ಲಾಕ್ ಖಾಲಿ ಬಿಟ್ಟು ಎಲ್ಲಕ್ಕಿಂತ ದೊಡ್ಡ ಬಿಟ್ ಮೊದಲು ಬರುತ್ತದೆ. ನಮ್ಮ 21845ರಲ್ಲಿ ಮೊದಲ ಬಿಟ್ 0, ಎರಡನೆಯದು 1. ಹಾಗಾಗಿ ಎಡ್ಜ್ ಆದಮೇಲೆ ಮೂರನೇ ಕ್ಲಾಕ್‌ನಲ್ಲಿ ಮೊದಲ ಹಲ್ಲು ಏಳಬೇಕು. ಒತ್ತೊತ್ತಾದ ಹಲ್ಲಿನ ಸಾಲು ಎಡ-ಬಲ ಕ್ಲಾಕ್ ಬದಲಾದ ಮೇಲೆ ಎರಡನೇ ಕ್ಲಾಕ್‌ನಲ್ಲೇ ಎದ್ದರೆ ಅದು ಐ2ಎಸ್ ಅಲ್ಲ, ಲೆಫ್ಟ್ ಜಸ್ಟಿಫೈಡ್ ಅನ್ನುವ ಅದರ ದಾಯಾದಿ. ಅದರಲ್ಲಿ ಸಾಮಾನ್ಯವಾಗಿ ಎಡ-ಬಲ ಕ್ಲಾಕ್ ಮೇಲಿದ್ದಾಗ ಎಡ ಚಾನೆಲ್; ಅದನ್ನು ಬಿಟ್ಟರೆ ವ್ಯತ್ಯಾಸ ಒಂದೇ ಕ್ಲಾಕ್‌ನದು, ಆದರೆ ಅದರ ಪರಿಣಾಮ ಕಿವಿಗೇ ಗೊತ್ತಾಗುತ್ತದೆ.

ಕಳಿಸುವವರು ಲೆಫ್ಟ್ ಜಸ್ಟಿಫೈಡ್, ಕೇಳಿಸಿಕೊಳ್ಳುವ ಡ್ಯಾಕ್ ಐ2ಎಸ್ ಅಂದುಕೊಳ್ಳಿ. ಮೊದಲ ಬಿಟ್ ಕಳೆದುಹೋಗಿ ಸಂಖ್ಯೆ ಎರಡು ಪಟ್ಟು ಆಗುತ್ತದೆ. ಮೆಲುದನಿಯ ಹಾಡು ಚೆನ್ನಾಗೇ ಕೇಳುತ್ತದೆ, 6 ಡೆಸಿಬೆಲ್ ಜೋರಾಗಿ. ತಬಲಾ ಒಂದು ಗಟ್ಟಿ ಪೆಟ್ಟು ಕೊಟ್ಟ ಕೂಡಲೇ ಕರಕರ. ಇದಕ್ಕೆ ಉಲ್ಟಾ ಇದ್ದರೆ, ಅಂದರೆ ಕಳಿಸೋದು ಐ2ಎಸ್, ಡ್ಯಾಕ್ ಲೆಫ್ಟ್ ಜಸ್ಟಿಫೈಡ್, ಮೈನಸ್ ಸಂಖ್ಯೆಗಳೆಲ್ಲ ದೊಡ್ಡ ಪ್ಲಸ್ ಸಂಖ್ಯೆ ಆಗಿಬಿಡುತ್ತವೆ. ಎಷ್ಟು ಮೆಲ್ಲಗೆ ನುಡಿಸಿದರೂ ಸದ್ದೇ ಸದ್ದು. "ಜೋರಾದಾಗ ಮಾತ್ರ ಒಡೆಯುತ್ತೆ" ಅಂದರೆ ಜನ ಸ್ಪೀಕರನ್ನು ಬೈಯುತ್ತಾರೆ. ಒಮ್ಮೆ ಈ ಮೂರನೇ ಕ್ಲಾಕ್ ಎಣಿಸಿ ನೋಡಿ.

ಹಂತ 7: ಓದುವ ಕ್ಷಣದಲ್ಲಿ ಡೇಟಾ ನಿಂತಿದೆಯಾ?

ಐ2ಎಸ್‌ನಲ್ಲಿ ಡೇಟಾ ಬದಲಾಗೋದು ಬಿಟ್ ಕ್ಲಾಕ್ ಬೀಳುವಾಗ, ಡ್ಯಾಕ್ ಅದನ್ನು ಓದೋದು ಏರುವಾಗ. 3.072 ಮೆಗಾಹರ್ಟ್ಸ್‌ನಲ್ಲಿ ಈ ಎರಡರ ನಡುವೆ ಸುಮಾರು 163 ನ್ಯಾನೋಸೆಕೆಂಡ್ ಇರುತ್ತದೆ. ಬೇಕಾದಷ್ಟಾಯಿತು. ಆದರೂ ನೋಡಿಬಿಡೋಣ.

ಇಲ್ಲಿ ಎರಡು ಪ್ರೋಬ್ ನಡುವಿನ ಸಮಯ ಅಳೆಯುವುದರಿಂದ, ಮೊದಲು ಎರಡೂ ತುದಿಗಳನ್ನು ಬಿಟ್ ಕ್ಲಾಕ್‌ಗೇ ಇಡಿ. ಎಡ್ಜ್‌ಗಳು ಒಂದರ ಮೇಲೊಂದು ಕೂರಬೇಕು. ಒಂದು ಪ್ರೋಬ್‌ನ ಕೇಬಲ್ ಒಂದು ಮೀಟರ್ ಉದ್ದ ಜಾಸ್ತಿ ಇದ್ದರೆ ಸುಮಾರು 5 ನ್ಯಾನೋಸೆಕೆಂಡ್ ತಡ ಕಾಣುತ್ತದೆ. ಡೆಸ್ಕ್ಯೂ ಅನ್ನುವ ಮೆನುವಿನಲ್ಲಿ ಸರಿಮಾಡಿ.

ಆಮೇಲೆ ಟ್ರಿಗರನ್ನು ಬಿಟ್ ಕ್ಲಾಕ್‌ನ ಏರುವ ಎಡ್ಜ್‌ಗೆ ಇಡಿ. ಟೈಮ್‌ಬೇಸ್ ಮನೆಗೆ 50 ನ್ಯಾನೋಸೆಕೆಂಡ್. ಪರ್ಸಿಸ್ಟೆನ್ಸ್ ಇನ್ಫಿನಿಟ್‌ಗೆ, ಆಗ ಹಳೆಯ ಗೆರೆಗಳು ಅಳಿಯದೆ ಒಂದರ ಮೇಲೊಂದು ಉಳಿಯುತ್ತವೆ. ಈಗ ಸ್ಥಿರ ಸಂಖ್ಯೆ ಬೇಡ, ನಿಜವಾದ ಹಾಡೇ ಹಾಕಿ, ಎಲ್ಲ ಬಗೆಯ ಬದಲಾವಣೆಯೂ ಬರಲಿ. ಆವರೇಜ್ ಮಾತ್ರ ಆನ್ ಮಾಡಬೇಡಿ, ಡೇಟಾವನ್ನು ಆವರೇಜ್ ಮಾಡಿದರೆ ಅರ್ಥವಿಲ್ಲದ ನಡುಗೆರೆ ಬರುತ್ತದೆ.

ಅರ್ಧ ನಿಮಿಷ ಬಿಟ್ಟರೆ ಡೇಟಾ ಗೆರೆಗಳು ಸೇರಿ ಕಣ್ಣಿನಾಕಾರ ಆಗುತ್ತದೆ. ಕಣ್ಣಿನ ನಟ್ಟನಡುವೆ ಏರುವ ಎಡ್ಜ್ ಇದ್ದರೆ ಸರಿ. ಕಣ್ಣಿನ ಮೂಲೆಗೆ ಬಂದು ನಿಂತಿದ್ದರೆ ಎಲ್ಲೋ ಕ್ಲಾಕ್ ತಿರುಗಿದೆ, ಸೆಟ್ಟಿಂಗ್‌ನಲ್ಲಿ ಪೊಲಾರಿಟಿ ನೋಡಿ.

ಹಳೆಯ ಪೈ ಮಾದರಿಗಳಲ್ಲಿ ಇದೇ ಪರ್ಸಿಸ್ಟೆನ್ಸ್ ಇಟ್ಟು ಮುಂದಿನ ಬಿಟ್ ಕ್ಲಾಕ್ ಎಡ್ಜ್ ನೋಡಿದರೆ ಅದು ಒಂದೇ ಗೆರೆಯಾಗಿ ಇರದೆ ಎರಡಾಗಿ ಒಡೆದಿರಬಹುದು. ಪ್ರೋಬ್ ತಪ್ಪಲ್ಲ ಇದು. ಆಡಿಯೋ ಕ್ಲಾಕನ್ನು ಪೈ ಭಿನ್ನರಾಶಿಯ ಡಿವೈಡರ್‌ನಿಂದ ತೆಗೆಯುತ್ತದೆ. ಮೂಲ ಕ್ಲಾಕ್ ಪೂರ್ತಿ ಭಾಗವಾಗದೆ ಇರುವುದರಿಂದ ಕೆಲವು ಸುತ್ತು ಒಂದು ಚೂರು ಗಿಡ್ಡ, ಕೆಲವು ಒಂದು ಚೂರು ಉದ್ದ. ಎಡ್ಜ್ ಹೀಗೆ ಹಿಂದೆಮುಂದೆ ಆಗೋದೇ ಜಿಟ್ಟರ್. ಇಷ್ಟು ದೊಡ್ಡ ಜಿಟ್ಟರನ್ನು ಮನೆಯ ಸ್ಕೋಪ್ ಹಿಡಿಯುತ್ತದೆ. ಒಳ್ಳೆಯ ಆಸಿಲೇಟರ್‌ನ ಪಿಕೋಸೆಕೆಂಡ್ ಜಿಟ್ಟರ್ ಅದರ ಕೈಗೆ ಸಿಗಲ್ಲ. ಅಲ್ಲಿ ಕಾಣುವ ಮಸುಕು ಸ್ಕೋಪ್‌ನ ಟ್ರಿಗರ್‌ದೇ.

ವೋಲ್ಟೇಜ್ ಓದುವಾಗ ಒಂದು ಸಣ್ಣ ವಿಷಯ. ಪೀಕ್-ಟು-ಪೀಕ್ ಅಳತೆಯಲ್ಲಿ ಎಡ್ಜ್‌ನ ಮುಳ್ಳೂ ಸೇರಿಬಿಡುತ್ತದೆ, 3.3 ಹೋಗಿ 4.1 ಅಂತ ಕಂಡು ಗಾಬರಿ ಆಗುತ್ತದೆ. ಟಾಪ್, ಬೇಸ್ ಅನ್ನುವ ಅಳತೆಗಳನ್ನು ಹಾಕಿ. ಸಾಮಾನ್ಯ ಸಿಮೋಸ್ ಇನ್‌ಪುಟ್‌ಗೆ ಸಪ್ಲೈನ 70 ಶೇಕಡಾ ದಾಟಿದರೆ 1, 30 ಶೇಕಡಾಕ್ಕಿಂತ ಕೆಳಗಿದ್ದರೆ 0. ಅಂದರೆ 3.3 ವೋಲ್ಟ್‌ನಲ್ಲಿ ಸುಮಾರು 2.3 ಮತ್ತು 1. ಈ ಎರಡು ಗೆರೆಗಳಿಗೆ ಕರ್ಸರ್ ಇಟ್ಟು, ಮುಳ್ಳುಗಳು ಅದರೊಳಕ್ಕೆ ನುಗ್ಗುತ್ತಿಲ್ಲ ಅಂತ ನೋಡಿದರೆ ಸಾಕು. 8 ಬಿಟ್ ಸ್ಕೋಪ್‌ನಲ್ಲಿ ಎತ್ತರಕ್ಕೆ ಇರೋದು 256 ಮೆಟ್ಟಿಲು, ಮನೆಗೆ 500 ಮಿಲಿವೋಲ್ಟ್ ಇಟ್ಟು ಪರದೆ ತುಂಬಿಸಿ.

ಫ್ರೀಕ್ವೆನ್ಸಿಯಲ್ಲೂ ಅತಿ ಆಸೆ ಬೇಡ. ಸ್ಕೋಪ್‌ನ ಟೈಮ್‌ಬೇಸ್ ಹತ್ತು ಲಕ್ಷಕ್ಕೆ 25 ಭಾಗ ತಪ್ಪಿದರೆ 12.288 ಮೆಗಾಹರ್ಟ್ಸ್‌ನಲ್ಲಿ 307 ಹರ್ಟ್ಸ್ ವ್ಯತ್ಯಾಸ ಬರುತ್ತದೆ. 48 ಇದೆಯೋ 44.1 ಇದೆಯೋ ಅಂತ ಹೇಳೋಕೆ ಅದು ಏನೇನೂ ಅಲ್ಲ. ಕ್ರಿಸ್ಟಲ್ ಎಷ್ಟು ನಿಖರ ಅಂತ ತೀರ್ಪು ಕೊಡೋಕೆ ಮಾತ್ರ ಆಗಲ್ಲ.

ಹಂತ 8: ಎಸ್‌ಪಿಡಿಫ್‌ಗೆ ಬೇರೆ ತಯಾರಿ

ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ಈ ಸಂಪರ್ಕದಲ್ಲಿ ಕ್ಲಾಕ್, ಡೇಟಾ ಎರಡೂ ಒಂದೇ ತಂತಿಯಲ್ಲಿ. 75 ಓಮ್ ಕೇಬಲ್, 75 ಓಮ್ ಟರ್ಮಿನೇಷನ್ (ಸಿಗ್ನಲ್ ವಾಪಸ್ ಹೋಗದ ಹಾಗೆ ಕೇಬಲ್ ಕೊನೆಗೆ ಹಾಕುವ ರೆಸಿಸ್ಟರ್) ಮೇಲೆ 0.5 ವೋಲ್ಟ್ ಪೀಕ್-ಟು-ಪೀಕ್. ಇಲ್ಲಿ ಪ್ರೋಬ್ ಎತ್ತಿಡಿ. ಆರ್‌ಸಿಎಯಿಂದ ಬಿಎನ್‌ಸಿಗೆ ಅಡಾಪ್ಟರ್, ಒಂದು ಬಿಎನ್‌ಸಿ ಟಿ, 75 ಓಮ್ ಟರ್ಮಿನೇಟರ್ ತೆಗೆದುಕೊಳ್ಳಿ. ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ. ಕೇಳುವಾಗ "75 ಓಮ್" ಅಂತ ಒತ್ತಿ ಹೇಳಿ, ಇಲ್ಲದಿದ್ದರೆ 50ರದ್ದು ಕೈಗೆ ಬರುತ್ತದೆ. ಕೇಬಲ್‌ಗೆ ಡಿಶ್ ಟಿವಿಯವರು ಬಿಟ್ಟುಹೋದ ಆರ್‌ಜಿ-6 ತುಂಡು ಸಾಕು, ಅದೂ 75 ಓಮ್.

ಟಿಯನ್ನು ನೇರವಾಗಿ ಸ್ಕೋಪ್ ಮುಖಕ್ಕೇ ಹಾಕಿ. ಒಂದು ಕಡೆ ಕೇಬಲ್, ಇನ್ನೊಂದು ಕಡೆ ಟರ್ಮಿನೇಟರ್. ಸ್ಕೋಪ್ ಇನ್‌ಪುಟ್ 1 ಮೆಗಾಓಮ್, ಚಾನೆಲ್ 1ಎಕ್ಸ್. ಟ್ರಿಗರ್ ಮಟ್ಟ ಸೊನ್ನೆ ವೋಲ್ಟ್, ಕಪ್ಲಿಂಗ್ ಎಸಿ.

ಪರದೆಯಲ್ಲಿ ಮೂರೇ ಅಗಲದ ಪಲ್ಸ್‌ಗಳು ಕಾಣಬೇಕು. 48 ಕಿಲೋಹರ್ಟ್ಸ್‌ಗೆ 163, 326, 488 ನ್ಯಾನೋಸೆಕೆಂಡ್. 1 ಆದರೆ ಎರಡು ಗಿಡ್ಡ ಪಲ್ಸ್, 0 ಆದರೆ ಒಂದು ನಡುವಿನದು. ಮೂರನೆಯ ಉದ್ದದ್ದು ಡೇಟಾದಲ್ಲಿ ಬರುವುದೇ ಇಲ್ಲ, ಪ್ರತಿ ಸ್ಯಾಂಪಲ್‌ನ ಮುಂದೆ ಗುರುತಿಗೆ ಅಂತ ಹಾಕಿದ ಪ್ರಿಯಾಂಬಲ್‌ನಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಎಡ್ಜ್ ಟ್ರಿಗರ್ ಬಿಟ್ಟು ಪಲ್ಸ್ ವಿಡ್ತ್ ಟ್ರಿಗರ್ ಹಾಕಿ, "400 ನ್ಯಾನೋಸೆಕೆಂಡ್‌ಗಿಂತ ಜಾಸ್ತಿ" ಅಂತ ಕೊಡಿ. 44.1ಕ್ಕೂ ಇದೇ ಅಂಕಿ ನಡೆಯುತ್ತದೆ, ಅಲ್ಲಿ ನಡುವಿನದು 354, ಉದ್ದದ್ದು 531. ಕುಣಿಯುತ್ತಿದ್ದ ಪರದೆ ತಟ್ಟನೆ ಶಾಂತವಾಗುತ್ತದೆ. ಗಿಡ್ಡ ಪಲ್ಸನ್ನು 1 ಅಂತ ಹಿಡಿದು ಪ್ರಿಯಾಂಬಲ್‌ನ ಅಗಲಗಳನ್ನು ಓದಿ: 3-3-1-1 ಇದ್ದರೆ ಎಡ ಚಾನೆಲ್, 3-2-1-2 ಇದ್ದರೆ ಬಲ. 192 ಫ್ರೇಮ್‌ಗೆ ಒಮ್ಮೆ ಎಡಕ್ಕೆ 3-1-1-3 ಬರುತ್ತದೆ, ಅದು ಹೊಸ ಬ್ಲಾಕ್ ಶುರು ಅನ್ನುವ ಸೂಚನೆ.

ಟರ್ಮಿನೇಟರ್ ತೆಗೆದು ಒಮ್ಮೆ ನೋಡಿ, ಕಲಿಯೋಕೆ ಒಳ್ಳೆಯದು. ಎತ್ತರ ಎರಡು ಪಟ್ಟಾಗುತ್ತದೆ. ಕೇಬಲ್ ತುದಿಗೆ ಮುಟ್ಟಿದ ಎಡ್ಜ್ ವಾಪಸ್ ಹೊರಡುತ್ತದೆ. ಕಳಿಸುವ ಕಡೆ 75 ಓಮ್ ಸರಿಯಾಗಿಲ್ಲದಿದ್ದರೆ ಅಲ್ಲಿಂದಲೂ ತಿರುಗಿ ಬಂದು ಪ್ರತಿ ಎಡ್ಜ್ ಪಕ್ಕ ಒಂದು ಮೆಟ್ಟಿಲು ಬೀಳುತ್ತದೆ. ಮೀಟರ್‌ಗೆ 4ರಿಂದ 5 ನ್ಯಾನೋಸೆಕೆಂಡ್ ಅಂದರೆ 5 ಮೀಟರ್ ಕೇಬಲ್‌ಗೆ ಹೋಗಿ ಬರೋಕೆ 40ರಿಂದ 50. ಮೆಟ್ಟಿಲು ಎಡ್ಜ್‌ನಿಂದ ಎಷ್ಟು ದೂರ ಇದೆ ಅಂತ ನೋಡಿಯೇ ಕೇಬಲ್ ಉದ್ದ ಸುಮಾರಾಗಿ ಹೇಳಬಹುದು.

ಆಪ್ಟಿಕಲ್ ಕಿಂಡಿ ಇದ್ದರೆ ಬೆಳಕನ್ನು ಅಳೆಯೋಕೆ ಹೋಗಬೇಡಿ. ರಿಸೀವರ್ ಮಾಡ್ಯೂಲ್‌ನ ಔಟ್‌ಪುಟ್ ಪಿನ್‌ನಲ್ಲಿ ಲಾಜಿಕ್ ಮಟ್ಟದ ಅದೇ ಸಿಗ್ನಲ್ ಇರುತ್ತದೆ. ಅಲ್ಲಿಗೆ 10ಎಕ್ಸ್ ಪ್ರೋಬ್, ಗಿಡ್ಡ ಬಾಲ.

ಕೋಆಕ್ಸಿಯಲ್‌ನಲ್ಲಿ ಪೀಕ್-ಟು-ಪೀಕ್ ಅಂಕಿಯೇ ಅರ್ಧ ರೋಗ ಹೇಳಿಬಿಡುತ್ತದೆ. 0.5 ಇದ್ದರೆ ಎಲ್ಲ ಸರಿ. 1 ವೋಲ್ಟ್ ಇದ್ದರೆ ಟರ್ಮಿನೇಷನ್ ಇಲ್ಲ. 0.4 ಇದ್ದರೆ ಅಂಗಡಿಯವರು 50ರ ಟರ್ಮಿನೇಟರನ್ನೇ ಕೊಟ್ಟಿದ್ದಾರೆ. 0.29 ಇದ್ದರೆ 75ರ ಟರ್ಮಿನೇಟರ್ ಜೊತೆ ಸ್ಕೋಪ್ ಇನ್‌ಪುಟ್ಟೂ 50 ಓಮ್‌ಗೆ ಹೋಗಿದೆ. 0.33 ಇದ್ದರೆ ಎರಡು ಕಡೆ ಟರ್ಮಿನೇಷನ್ ಆಗಿದೆ. ಇದು ನನಗೇ ಎರಡು ಸಲ ಆಗಿದೆ. ಟಿಯ ಇನ್ನೊಂದು ಕಡೆಯಿಂದ ಡ್ಯಾಕ್‌ಗೆ ಕೇಬಲ್ ಎಳೆದಿದ್ದರೆ ಡ್ಯಾಕ್ ಒಳಗೇ 75 ಓಮ್ ಇರುತ್ತದೆ, ಆಗ ನಿಮ್ಮ ಟರ್ಮಿನೇಟರ್ ಡಬ್ಬಿಯಲ್ಲೇ ಇರಲಿ. 0.2ಕ್ಕೆ ಇಳಿದರೂ ರಿಸೀವರ್ ಓದಬೇಕು ಅಂತ ನಿಯಮ ಇದೆ, ಹಾಗಾಗಿ 0.33ರಲ್ಲೂ ಹಾಡು ಬರುತ್ತಲೇ ಇರುತ್ತದೆ.